ಅಭ್ಯರ್ಥಿಯ ಹಿಂದೆ ಯಾರ ಹಣ?

ಚುನಾವಣೆ ಸಮೀಪಿಸಿದೊಡನೆ ನಮ್ಮ ಮನೆಗಳಲ್ಲಿ, ಮಸೀದಿಯ ಅಂಗಳಗಳಲ್ಲಿ ನಡೆಯುವ ಚರ್ಚೆ ಬಹುತೇಕ ಒಂದೇ ಬಗೆಯದು. ಅಭ್ಯರ್ಥಿ ಸಜ್ಜನರೇ? ಇಫ್ತಾರ್ ಕೂಟಕ್ಕೆ ಬಂದಿದ್ದರೇ? ಟೋಪಿ ಧರಿಸಲು ಹಿಂಜರಿದರೇ? ಇಷ್ಟರಲ್ಲಿ ನಮ್ಮ ತೀರ್ಮಾನ ಮುಗಿದುಬಿಡುತ್ತದೆ. ಟೋಪಿ ಅಗ್ಗದ ವಸ್ತು. ಅರ್ಧ ಗಂಟೆ ಅದನ್ನು ತಲೆಯ ಮೇಲಿಡಲು ಯಾವ ತ್ಯಾಗವೂ ಬೇಕಿಲ್ಲ. ಅವರ ಪಕ್ಷದ ಪ್ರಚಾರಕ್ಕೆ ಹಣ ತೆತ್ತವರು ಯಾರೆಂದು ಮಾತ್ರ ನಾವು ಕೇಳುವುದಿಲ್ಲ.

ಕಾನೂನನ್ನೇ ನೋಡೋಣ. ಕರ್ನಾಟಕದಲ್ಲಿ ಲೋಕಸಭಾ ಅಭ್ಯರ್ಥಿಯ ವೆಚ್ಚಕ್ಕೆ 95 ಲಕ್ಷ ರೂ., ವಿಧಾನಸಭಾ ಅಭ್ಯರ್ಥಿಗೆ 40 ಲಕ್ಷ ರೂ. ಮಿತಿಯಿದೆ. ಪಕ್ಷದ ವೆಚ್ಚಕ್ಕೆ ಮಿತಿಯೇ ಇಲ್ಲ. ಅಭ್ಯರ್ಥಿ ಹಳೆಯ ಸ್ಕೂಟರಿನಲ್ಲಿ ಮನೆ ಮನೆಗೆ ಬರಬಹುದು. ನಾಯಕರ ಹೆಲಿಕಾಪ್ಟರ್ ಪಕ್ಷದ ಲೆಕ್ಕದಲ್ಲಿ ಹಾರುತ್ತದೆ. ಗೆದ್ದ ಮೇಲೆ ಸದನದಲ್ಲಿ ಅವರು ವಿಪ್‌ಗೆ ಬದ್ಧರು. ಮೀರಿದರೆ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸ್ಥಾನವೇ ಹೋಗಬಹುದು. ಹೀಗಿರುವಾಗ ವ್ಯಕ್ತಿಯ ಸಜ್ಜನಿಕೆ ನಮ್ಮನ್ನು ಎಷ್ಟು ದೂರ ಕಾಪಾಡೀತು?

2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್ ಯೋಜನೆಯನ್ನು ನಾವು ಬೇಗನೆ ಮರೆತುಬಿಟ್ಟೆವು. ಸ್ಟೇಟ್ ಬ್ಯಾಂಕಿನಲ್ಲಿ ಬಾಂಡ್ ಕೊಂಡು ಪಕ್ಷಕ್ಕೆ ಕೊಟ್ಟರೆ, ಕೊಟ್ಟವರ ಹೆಸರು ಬ್ಯಾಂಕಿಗೆ ಗೊತ್ತು, ಮತದಾರನಿಗೆ ಗೊತ್ತಿಲ್ಲ. ಕಂಪೆನಿಗಳ ದೇಣಿಗೆಗಿದ್ದ, ಮೂರು ವರ್ಷಗಳ ಸರಾಸರಿ ಲಾಭದ ಶೇ. 7.5ರ ಮಿತಿಯನ್ನೂ ಅದಕ್ಕೆ ಮುಂಚೆ 2017ರಲ್ಲಿಯೇ ತೆಗೆದುಹಾಕಲಾಗಿತ್ತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಾಧೀಶರ ಪೀಠ ಇವೆರಡನ್ನೂ ಅಸಾಂವಿಧಾನಿಕವೆಂದು ರದ್ದುಗೊಳಿಸಿತು. ಮಾಹಿತಿ ಬಹಿರಂಗಪಡಿಸಲು ಬ್ಯಾಂಕ್ ಜೂನ್ 30ರವರೆಗೆ, ಅಂದರೆ ಲೋಕಸಭಾ ಚುನಾವಣೆ ಮುಗಿಯುವವರೆಗೆ, ಸಮಯ ಕೇಳಿತು. ನ್ಯಾಯಾಲಯ ಒಪ್ಪಲಿಲ್ಲ.

ಬಯಲಾದ ಪಟ್ಟಿಯಲ್ಲಿ ಅತಿ ದೊಡ್ಡ ಖರೀದಿದಾರ ಯಾರು? ಫ್ಯೂಚರ್ ಗೇಮಿಂಗ್ ಎಂಬ ಲಾಟರಿ ಕಂಪೆನಿ. 1,368 ಕೋಟಿ ರೂ. ಜೂಜು ಹರಾಮ್ ಎಂದು ಮಕ್ಕಳಿಗೆ ಬೋಧಿಸುವ ನಾವು ಇದನ್ನು ಓದಿ ಪುಟ ಮಗುಚಿದೆವು. ಬಾಂಡುಗಳಿಂದ ಎಲ್ಲರಿಗಿಂತ ಹೆಚ್ಚು, ಆರು ಸಾವಿರ ಕೋಟಿಗೂ ಮಿಗಿಲಾಗಿ, ಪಡೆದದ್ದು ಬಿಜೆಪಿ ಎಂಬುದು ನಿಜ. ಆದರೆ ಲಾಟರಿಯ ಹಣದ ದೊಡ್ಡ ಪಾಲು ಹೋದದ್ದು ನಮ್ಮ ಸಮುದಾಯ ಭರವಸೆಯಿಟ್ಟ ಪಕ್ಷಗಳಿಗೆ: ತೃಣಮೂಲ ಕಾಂಗ್ರೆಸ್ಸಿಗೆ 540 ಕೋಟಿ, ಡಿಎಂಕೆಗೆ ಸುಮಾರು 509 ಕೋಟಿ. ತಮಿಳುನಾಡಿನಲ್ಲಿ ಲಾಟರಿಯೇ 2003ರಿಂದ ನಿಷಿದ್ಧ! ಬಾಂಡ್ ಸ್ವೀಕರಿಸದೆ ನ್ಯಾಯಾಲಯದ ಮೆಟ್ಟಿಲೇರಿದ ಸಿಪಿಎಂನಂತಹ ಪಕ್ಷವೂ ಇತ್ತು, ಆದ್ದರಿಂದ ಎಲ್ಲರೂ ಅನಿವಾರ್ಯವಾಗಿ ತೆಗೆದುಕೊಂಡರೆಂಬ ಸಮಜಾಯಿಷಿ ನಿಲ್ಲದು.

ದೇಣಿಗೆಯನ್ನು ಅಳೆಯುವ ಮಾನದಂಡ ನಮ್ಮಲ್ಲಿಯೇ ಇದೆ. ಝಕಾತ್ ಸಂಗ್ರಹಕ್ಕೆ ಹೋಗಿದ್ದ ಇಬ್ನುಲ್ಲುತ್ಬಿಯ್ಯ ಮರಳಿ ಬಂದು, ಇಷ್ಟು ನಿಮ್ಮದು, ಇಷ್ಟು ತನಗೆ ಬಂದ ಉಡುಗೊರೆ ಎಂದಾಗ ಪ್ರವಾದಿವರ್ಯರು(ಸ) ಮಿಂಬರ್ ಏರಿ, ಆತ ತಂದೆತಾಯಿಯ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಪ್ರಶ್ನಿಸಿದ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಅಧಿಕಾರವೂ ಅದರ ನಿರೀಕ್ಷೆಯೂ ಇಲ್ಲದಿದ್ದರೆ ಲಾಟರಿ ಕಂಪೆನಿ ಇಷ್ಟು ಕೋಟಿ ಕೊಡುತ್ತಿತ್ತೇ? ಉಂಡ ಉಪ್ಪಿನ ಋಣ ವಿಧೇಯಕದ ರೂಪದಲ್ಲಿ ತೀರುತ್ತದೆ, ಟೆಂಡರಿನ ರೂಪದಲ್ಲಿ ತೀರುತ್ತದೆ.

ದೊಡ್ಡ ಶತ್ರುವನ್ನು ತಡೆಯುವುದೇ ಮೊದಲು, ಲೆಕ್ಕ ಆಮೇಲೆ ಎನ್ನುವವರು ನಮ್ಮಲ್ಲಿದ್ದಾರೆ. ಅವರ ಆತಂಕ ಹುಸಿಯಲ್ಲ. ಮತವನ್ನು ಅವರಿಗಿಷ್ಟವಾದ ಕಡೆಗೇ ಹಾಕಲಿ. ಪ್ರಶ್ನೆ ಕೇಳಬಾರದೆಂದು ಯಾರು ಹೇಳಿದರು? ಭಯದಿಂದಲೇ ಬರುವ ಮತಕ್ಕೆ ಯಾವ ಪಕ್ಷವೂ ಲೆಕ್ಕ ಒಪ್ಪಿಸುವುದಿಲ್ಲ.

ಬಾಂಡ್ ಹೋದರೂ ಚುನಾವಣಾ ಟ್ರಸ್ಟ್‌ಗಳ ದಾರಿ ಉಳಿದಿದೆ. 20,000 ರೂ.ಗಿಂತ ಹೆಚ್ಚು ಕೊಟ್ಟವರ ವಿವರವನ್ನು ಪಕ್ಷಗಳು ವರ್ಷಂಪ್ರತಿ ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕು. ಆಯೋಗದ ಜಾಲತಾಣದಲ್ಲಿ ಆ ಪಟ್ಟಿಗಳಿವೆ. ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಒಂದು ಸಂಜೆಯಲ್ಲಿ ಅವನ್ನು ತೆಗೆದುಕೊಟ್ಟಾರು. ಮತ ಯಾಚಿಸಿ ಬಂದವರನ್ನು ಕುಳ್ಳಿರಿಸಿ ಚಹಾ ಕೊಡೋಣ. ಬಳಿಕ ಪಟ್ಟಿಯನ್ನು ಮುಂದಿಟ್ಟು, ಇಂಥ ಕಂಪೆನಿಯಿಂದ ನಿಮ್ಮ ಪಕ್ಷ ಇಷ್ಟು ಪಡೆದಿದೆ, ಅದರ ಹಿತಕ್ಕೆ ವಿರುದ್ಧವಾದ ವಿಧೇಯಕ ಬಂದರೆ ನೀವು ಯಾವ ಕಡೆ ಕೈಯೆತ್ತುವಿರಿ ಎಂದು ಕೇಳೋಣ.