ಋಣಮುಕ್ತಿಗೆ ಶಾಶ್ವತವಾದ ಕಾನೂನು ಬೇಕು

ಸಾಲ ಮಾಡದ ಸರ್ಕಾರವಿಲ್ಲ. ಸಾಲವಿಲ್ಲದ ಸಂಸಾರವೂ ವಿರಳ. ಆದರೆ ಇವೆರಡನ್ನೂ ಕಾನೂನು ಒಂದೇ ಕಣ್ಣಿನಿಂದ ಕಾಣುತ್ತಿಲ್ಲವೆಂಬುದು ಶಾಸನಕರ್ತರೂ ವಿಚಾರವಂತ ನಾಗರಿಕರೂ ಆಲೋಚಿಸಬೇಕಾದ ಸಂಗತಿ.

ರಾಜ್ಯದ ಸಾಲಕ್ಕೆ ಕಡಿವಾಣ ಹಾಕುವ ವಿತ್ತೀಯ ಹೊಣೆಗಾರಿಕೆ ಅಧಿನಿಯಮವನ್ನು 2002ರಲ್ಲಿಯೇ ಅಂಗೀಕರಿಸಿ ಕರ್ನಾಟಕವು ಇತರ ರಾಜ್ಯಗಳಿಗೆ ಮಾರ್ಗದರ್ಶಕವಾಯಿತು. 2020ರಲ್ಲಿ ಕೊರೋನಾ ಪಿಡುಗು ಬಂದೆರಗಿದಾಗ, ವಿತ್ತೀಯ ಕೊರತೆಯ ಮಿತಿಯನ್ನು ತಿದ್ದುಪಡಿಯ ಮೂಲಕ ಶೇ. 3ರಿಂದ ಶೇ. 5ಕ್ಕೆ ಸಡಿಲಿಸಲಾಯಿತು. ಇದು ತಪ್ಪಲ್ಲ, ಆಪತ್ಕಾಲದಲ್ಲಿ ಕಟ್ಟಳೆ ಬಾಗಲೇಬೇಕು. ಆದರೆ ಅದೇ ವರ್ಷ ಪೀಣ್ಯದಿಂದ ಮಾದನಾಯಕನಹಳ್ಳಿಯವರೆಗಿನ ಕೈಗಾರಿಕಾ ಪ್ರದೇಶದಲ್ಲಿ ದುಡಿಮೆ ನಿಂತವನ ಪಾಡೇನು? ಬ್ಯಾಂಕಿನ ಕಂತಿಗೆ ಕೆಲವು ತಿಂಗಳ ಬಿಡುವಾದರೂ ದೊರೆಯಿತು. ಕೈಸಾಲದ ಬಡ್ಡಿಗೆ ಅದೂ ಇಲ್ಲ.

2016ರ ದಿವಾಳಿ ಸಂಹಿತೆಯು ಮುಳುಗಿದ ಕಂಪನಿಗಳಿಗೆ ದಾರಿ ತೋರಿಸಿದೆ. ಬಡ ಸಾಲಗಾರನಿಗೂ 'ಹೊಸ ಆರಂಭ'ದ ಅವಕಾಶ ಅದರಲ್ಲಿ ಬರೆಯಲ್ಪಟ್ಟಿದೆ: ವಾರ್ಷಿಕ ಆದಾಯ 60,000 ರೂಪಾಯಿ, ಆಸ್ತಿ 20,000, ಸಾಲ 35,000 ಮೀರದಿದ್ದರೆ ಋಣದಿಂದ ಬಿಡುಗಡೆ. ಆದರೆ ವ್ಯಕ್ತಿಗಳಿಗೆ ಸಂಬಂಧಿಸಿದ ಆ ಭಾಗ 2019ರ ಡಿಸೆಂಬರ್‌ನಿಂದ ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿಗೆ ಬಂದಿತು. ಕೂಲಿಕಾರನ ಪಾಲಿನದು ಪುಸ್ತಕದಲ್ಲಿಯೇ ಉಳಿದಿದೆ.

ಕನ್ನಡ ನಾಡು ಸುಮ್ಮನೆ ಕುಳಿತಿಲ್ಲ, ನಿಜ. ದೇವರಾಜ ಅರಸರ ಕಾಲದ 1976ರ ಋಣ ಪರಿಹಾರ ಅಧಿನಿಯಮ, ಅದೇ ಹೆಸರಿನ 2018ರ ಅಧಿನಿಯಮ, ಇವು ಸಣ್ಣ ರೈತರನ್ನೂ ಭೂರಹಿತ ಕೂಲಿಕಾರರನ್ನೂ ಖಾಸಗಿ ಲೇವಾದೇವಿಗಾರರ ಹಿಡಿತದಿಂದ ಬಿಡಿಸಲು ಬಂದವು. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳವನ್ನು ತಡೆಯಲು 2025ರಲ್ಲಿ ಬಂದ ಕಾನೂನು ಹತ್ತು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿದೆ. ಆದರೆ ಒಮ್ಮೆ ಸಾಲ ತೊಡೆದು ಹಾಕುವುದು ಬರಗಾಲದ ಗಂಜಿಕೇಂದ್ರದಂತೆ. ಅದು ಹಸಿವನ್ನು ನೀಗುತ್ತದೆ, ಹೊಲಕ್ಕೆ ನೀರು ತರುವುದಿಲ್ಲ. ಮುಂದಿನ ವರ್ಷ ಸಾಲದಲ್ಲಿ ಬಿದ್ದವನು ಮತ್ತೊಂದು ಶಾಸನಕ್ಕಾಗಿ ಕಾಯಬೇಕಾಗುತ್ತದೆ.

ಇಂತಹ ದಾರಿ ತೆರೆದರೆ ಕೊಟ್ಟವನು ಕೋಡಂಗಿಯಾಗುವನೆಂಬ ಆಕ್ಷೇಪಣೆಯನ್ನು ಅಲ್ಲಗಳೆಯುವಂತಿಲ್ಲ. ಆದ್ದರಿಂದಲೇ ನ್ಯಾಯಪೀಠದ ಪರಿಶೀಲನೆ ಅಗತ್ಯ. ಆಸ್ತಿ ಬಚ್ಚಿಟ್ಟವನಿಗೆ ಬಿಡುಗಡೆ ಬೇಡ. ಕಾಯಿಲೆಯಿಂದಲೋ ಕೆಲಸ ಹೋದುದರಿಂದಲೋ ಸೋತ ಪ್ರಾಮಾಣಿಕನಿಗೆ ಬೇಕು. ಕೈಯಲ್ಲಿಲ್ಲದವನಿಗೂ ಕೊಡಲೊಲ್ಲದವನಿಗೂ ಇರುವ ಅಂತರವನ್ನು ಸರ್ವೋಚ್ಚ ನ್ಯಾಯಾಲಯ 1980ರಲ್ಲಿಯೇ ಎತ್ತಿ ಹಿಡಿದಿದೆ.

ಸಂಹಿತೆಯ ಆ ಭಾಗವನ್ನು ಜಾರಿಗೆ ತಂದು, ಮಿತಿಗಳನ್ನು ಇಂದಿನ ಬೆಲೆಗಳಿಗೆ ತಕ್ಕಂತೆ ಏರಿಸಿ, ಅರ್ಜಿ ಹಾಕುವ ಅನುಕೂಲವನ್ನು ತಾಲ್ಲೂಕು ಮಟ್ಟಕ್ಕೆ ತರುವಂತೆ ನಮ್ಮ ಪ್ರತಿನಿಧಿಗಳು ಒತ್ತಾಯಿಸಲಿ. ತನ್ನ ಸಾಲದ ಮಿತಿಯನ್ನು ತಾನೇ ಸಡಿಲಿಸಿಕೊಂಡ ಸರ್ಕಾರಕ್ಕೆ, ಬಡವನ ಸೋಲನ್ನು ಅರಿಯುವುದು ಕಷ್ಟವಾಗಬಾರದು.