ಆ ಪುಟದಿಂದ ಹೊರಗೆ ಬಂದು ನೋಡಿ

2016ರ ನವೆಂಬರ್‌ನಲ್ಲಿ 2,000 ರೂಪಾಯಿಯ ಹೊಸ ನೋಟು ಬಂದಾಗ, ಅದರೊಳಗೆ ‘ನ್ಯಾನೊ ಜಿಪಿಎಸ್ ಚಿಪ್’ ಇದೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಸಿಕ್ಕಿಬೀಳುತ್ತದೆ ಎಂಬ ಸುದ್ದಿ ಊರೂರು ಸುತ್ತಿತು. ಕೆಲವು ಟಿ.ವಿ. ವಾಹಿನಿಗಳೂ ಅದನ್ನೇ ಹೇಳಿದವು. ಸರ್ಕಾರ ಅಲ್ಲಗಳೆಯಿತು. ಈಗ ನೆನೆದರೆ ನಗು ಬರುತ್ತದೆ. ಆದರೆ ನಂಬಿದವರಲ್ಲಿ ಓದಿದವರೂ ಇದ್ದರು.

ಜಿಪಿಎಸ್ ರಿಸೀವರ್ ಎಂದರೆ ರೇಡಿಯೊ ಇದ್ದಂತೆ. ಕೇಳಿಸಿಕೊಳ್ಳುತ್ತದೆ, ಮಾತನಾಡುವುದಿಲ್ಲ. 20 ಸಾವಿರ ಕಿ.ಮೀ.ಗೂ ಎತ್ತರದ ಉಪಗ್ರಹಗಳಿಂದ ಬರುವ ಸಂಕೇತ ಎಷ್ಟು ದುರ್ಬಲವೆಂದರೆ, ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಇಳಿದರೆ ಸಾಕು, ಮೊಬೈಲ್‌ನ ಮ್ಯಾಪ್ ತಬ್ಬಿಬ್ಬಾಗುತ್ತದೆ. ತಾನಿರುವ ಜಾಗವನ್ನು ಬೇರೆಯವರಿಗೆ ತಿಳಿಸಲು ಟ್ರಾನ್ಸ್‌ಮಿಟರ್ ಬೇಕು, ಅದಕ್ಕೆ ವಿದ್ಯುತ್ ಬೇಕು. ಕಾಗದದ ನೋಟಿನಲ್ಲಿ ಬ್ಯಾಟರಿ ಎಲ್ಲಿದೆ? ಇಷ್ಟು ಕೇಳಲು ಬಿ.ಇ. ಓದಬೇಕಿಲ್ಲ. ಪದವಿ ಕೈಯಲ್ಲಿದ್ದವರಿಗೂ ಕೇಳಬೇಕೆನಿಸಲಿಲ್ಲ ಎಂಬುದೇ ನನ್ನ ತಕರಾರು.

ಯಾಕೆ ಅನಿಸುವುದಿಲ್ಲ? ನಮ್ಮ ಲ್ಯಾಬ್‌ಗಳನ್ನು ನೋಡಿದರೆ ಉತ್ತರ ಸಿಗಬಹುದು. ಪ್ರಯೋಗದ ಉತ್ತರ ಎಷ್ಟು ಬರಬೇಕೆಂದು ಸೀನಿಯರ್‌ಗಳ ರೆಕಾರ್ಡ್ ಬುಕ್ ಮೊದಲೇ ಹೇಳಿರುತ್ತದೆ. ರೀಡಿಂಗ್ ಅದಕ್ಕೆ ಹೊಂದದಿದ್ದರೆ ರೀಡಿಂಗನ್ನೇ ತಿದ್ದುವುದು ಬಹುತೇಕ ಕಡೆ ಗುಟ್ಟಾಗಿಯೂ ಉಳಿದಿಲ್ಲ. ಗ್ರಾಫ್‌ನಲ್ಲಿ ಸರಳರೇಖೆ ಬಿಟ್ಟು ಹೊರಗೆ ಬಿದ್ದ ಚುಕ್ಕೆ ನಮಗೆ ತಲೆನೋವು. ನಿಜವಾಗಿ ಕುತೂಹಲ ಹುಟ್ಟಬೇಕಾದದ್ದೇ ಅಲ್ಲಿ. ಮೊದಲು ಉತ್ತರ, ಆಮೇಲೆ ಪುರಾವೆ. ನಾಲ್ಕು ವರ್ಷ ಹೀಗೆ ಪಳಗಿದ ಮನಸ್ಸು ವಾಟ್ಸ್‌ಆ್ಯಪ್ ಮುಂದೆ ಮಾತ್ರ ಎಚ್ಚರವಾಗಿರಬೇಕೆಂದರೆ ಹೇಗೆ?

ದೊಡ್ಡ ವಿಶ್ವವಿದ್ಯಾಲಯದಲ್ಲಿ ಓದಿದರೆ ಈ ಗುಣ ತಾನಾಗಿ ಬರುತ್ತದೆ ಎಂದೂ ಇಲ್ಲ. ಸ್ಟ್ಯಾನ್‌ಫೋರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರು 10 ಇತಿಹಾಸಕಾರರು, 10 ಫ್ಯಾಕ್ಟ್‌ಚೆಕರ್‌ಗಳು ಹಾಗೂ ತಮ್ಮದೇ ವಿಶ್ವವಿದ್ಯಾಲಯದ 25 ವಿದ್ಯಾರ್ಥಿಗಳಿಗೆ ಕೆಲವು ಜಾಲತಾಣಗಳನ್ನು ತೋರಿಸಿ, ಯಾವುದನ್ನು ನಂಬಬಹುದು ಎಂದು ಕೇಳಿದರು. 2017ರಲ್ಲಿ ಇದರ ವರದಿ ಬಂತು. ವಿದ್ಯಾರ್ಥಿಗಳು ಆ ಪುಟದಲ್ಲೇ ಉಳಿದು ಮೇಲಿಂದ ಕೆಳಗೆ ಓದಿದರು. ಲೋಗೊ, ವಿನ್ಯಾಸ ನೋಡಿ ತೀರ್ಮಾನಿಸಿದರು. ಇತಿಹಾಸಕಾರರಲ್ಲೂ ಹಲವರು ಎಡವಿದರು. ಫ್ಯಾಕ್ಟ್‌ಚೆಕರ್‌ಗಳು ಮಾತ್ರ ಪುಟವನ್ನು ಹೆಚ್ಚು ಓದದೇ ಹೊಸ ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಹುಡುಕಿದರು. ಕಡಿಮೆ ಸಮಯದಲ್ಲಿ ಸರಿಯಾದ ಉತ್ತರಕ್ಕೆ ಬಂದರು. ಹೆಣ್ಣು–ಗಂಡು ನೋಡಲು ಹೋಗುವ ಮುನ್ನ ನಮ್ಮ ಹಿರಿಯರು ಮಾಡುವುದೂ ಇದನ್ನೇ ಅಲ್ಲವೇ? ಆ ಮನೆಯವರನ್ನು ಕೇಳುವುದಿಲ್ಲ, ಪಕ್ಕದ ಮನೆಯವರನ್ನು ಕೇಳುತ್ತಾರೆ.

ಹೀಗೆ ಕೇಳದಿದ್ದಾಗ ಏನಾಗುತ್ತದೆ ಎಂಬುದು ನಮ್ಮ ರಾಜ್ಯಕ್ಕೆ ಗೊತ್ತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದ್‌ನ ಯುವ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜೊತೆಯಲ್ಲಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಆ ದಿನಗಳಲ್ಲಿ ದೇಶದಲ್ಲಿ ಹರಿದಾಡಿದ ‘ಮಕ್ಕಳ ಅಪಹರಣ’ದ ವಿಡಿಯೊವೊಂದು ಅಸಲಿಗೆ ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದ ಜಾಗೃತಿ ಚಿತ್ರ; ಅದನ್ನು ತಿಳಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್‌ಗೆ ಐದರ ಮಿತಿ ಹಾಕಿತು. ಆದರೂ ಐವರಿಗೆ ಕಳಿಸಬಹುದಲ್ಲ!

ಈಗ ಚಾಟ್‌ಜಿಪಿಟಿ ಕಾಲ. 2023ರಲ್ಲಿ ನ್ಯೂಯಾರ್ಕ್‌ನ ವಕೀಲರು ಅದು ಕೊಟ್ಟ ತೀರ್ಪುಗಳನ್ನು ಹಾಗೇ ನ್ಯಾಯಾಲಯಕ್ಕೆ ಸಲ್ಲಿಸಿದರು. ಅಂಥ ತೀರ್ಪುಗಳೇ ಇರಲಿಲ್ಲ. 5,000 ಡಾಲರ್ ದಂಡ ಬಿತ್ತು. ನಮ್ಮ ಸೆಮಿನಾರ್ ವರದಿಗಳ ಕೊನೆಯ ಪುಟದಲ್ಲಿರುವ ಗ್ರಂಥಋಣವನ್ನು ಯಾರಾದರೂ ಒಂದೊಂದಾಗಿ ಹುಡುಕಿ ನೋಡಿದರೆ ಏನಾದೀತೋ!

ಕೆಲಸ ಹುಡುಕುವವರಿಗಂತೂ ಇದು ಹೊಟ್ಟೆಪಾಡಿನ ಪ್ರಶ್ನೆ. ನೇಮಕಾತಿ ಪ್ರಕಟಣೆ ಗ್ರೂಪಿಗೆ ಬಂತೆಂದರೆ ಮೊದಲು ನೋಡಬೇಕಾದದ್ದು ಸಂಬಳವನ್ನಲ್ಲ, ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕವನ್ನು. ಆ ಪಿಡಿಎಫ್‌ನಲ್ಲಿರುವ ಲಿಂಕನ್ನು ಒತ್ತದೆ, ಇಲಾಖೆಯ ಜಾಲತಾಣವನ್ನು ನಾವೇ ಹುಡುಕಿ ಹೋಗಬೇಕು. ‘ಗವ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸ ಸರ್ಕಾರಿ ಸಂಸ್ಥೆಗಳಿಗಷ್ಟೇ ಸಿಗುತ್ತದೆ. ಹೆಸರಿನ ನಡುವೆ ‘ಗವ್’ ಎಂದು ಯಾರು ಬೇಕಾದರೂ ಸೇರಿಸಿಕೊಳ್ಳಬಹುದು. ಯಾರದೋ ಖಾಸಗಿ ಯುಪಿಐ ಸಂಖ್ಯೆಗೆ ‘ನೋಂದಣಿ ಶುಲ್ಕ’ ಕೇಳಿದರೆ ಅಲ್ಲಿಗೇ ಬಿಡಿ.

ಇಷ್ಟಾದರೂ ಗ್ರೂಪಿನಲ್ಲಿ ‘ಇದರ ಮೂಲ ಎಲ್ಲಿ?’ ಎಂದು ಕೇಳಿದವರಿಗೆ ನಾವು ಕೊಡುವ ಬಿರುದು ‘ಅಧಿಕಪ್ರಸಂಗಿ’. ಅಪ್ಪ–ಅಮ್ಮ ಸಾಲ ಮಾಡಿ ಕಳಿಸಿದ ಐದು ಸಾವಿರ ರೂಪಾಯಿ ಹೋದ ಮೇಲೆ ಅದೇ ಗ್ರೂಪಿನಲ್ಲಿ ಎರಡು ಅಳುವ ಇಮೋಜಿ ಬೀಳುತ್ತವೆ, ಅಷ್ಟೇ.