ಕೊಟ್ಟ ಮಾತಿನ ಹಣ ಕೊಡಿ, ಲೆಕ್ಕ ಕೇಳಿ. ಊರಿನ ಕೆಲಸವನ್ನು ಊರಿಗೆ ಬಿಡಿ

ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಮತ್ತು ಜಗಳೂರು ತಾಲ್ಲೂಕುಗಳ ಜನರ ಹಕ್ಕೊತ್ತಾಯ ಪತ್ರ

ಗೆ: ಭಾರತ ಸರ್ಕಾರ, ನವದೆಹಲಿ, ಕರ್ನಾಟಕ ಸರ್ಕಾರ, ಬೆಂಗಳೂರು
ಮೂಲಕ: ಮಾನ್ಯ ತಹಶೀಲ್ದಾರರು, ಹೊನ್ನಾಳಿ

ವಿಷಯ: ಕೇಂದ್ರ ಸರ್ಕಾರದ ಯೋಜನೆಗಳ ಹೊಣೆ ಮತ್ತು ಮಿತಿಯನ್ನು ಸ್ಪಷ್ಟಪಡಿಸುವ ಬಗ್ಗೆ.

ಮಾನ್ಯರೇ,

ಹೊನ್ನಾಳಿ, ನ್ಯಾಮತಿಗೆ ತುಂಗಭದ್ರೆಯ ದಡ. ಚನ್ನಗಿರಿಗೆ ಭದ್ರಾ ನಾಲೆ, ಸೂಳೆಕೆರೆ, ಅಡಿಕೆ ತೋಟ. ಜಗಳೂರಿಗೆ ಮಳೆಯೇ ಗತಿ. ಎಲ್ಲವೂ ದಾವಣಗೆರೆ ಜಿಲ್ಲೆಯವೇ ಆದರೂ ನಾಲ್ಕು ತಾಲ್ಲೂಕಿನ ಮಣ್ಣು ಬೇರೆ, ಬೆಳೆ ಬೇರೆ, ಕಷ್ಟವೂ ಬೇರೆ. ಬರದ ವರ್ಷ ಚನ್ನಗಿರಿಯ ತೋಟಕ್ಕೆ ಆಳು ಸಿಗದ ದಿನಗಳಲ್ಲೇ ಜಗಳೂರಿನ ಕೂಲಿಕಾರರು ಕೆಲಸ ಹುಡುಕಿ ಊರು ಬಿಟ್ಟಿರುತ್ತಾರೆ. ನ್ಯಾಮತಿ, ಹೊನ್ನಾಳಿಯ ತಾಂಡಾಗಳ ಕುಟುಂಬಗಳು ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ ಗುಳೆ ಹೋಗುತ್ತವೆ.

ದೆಹಲಿಯ ಯೋಜನೆಗಳು ಬೇಡವೆಂದು ನಾವು ಹೇಳುತ್ತಿಲ್ಲ. ಶಾಲೆಯ ಬಿಸಿಯೂಟ, ಪಡಿತರದ ಅಕ್ಕಿ, ಉದ್ಯೋಗ ಖಾತ್ರಿಯ ಕೂಲಿ ಇಲ್ಲಿನ ಬಡವರ ಜೀವ ಉಳಿಸಿವೆ. ಆದರೆ ಹಣದ ಹೊಣೆ ವರ್ಷದಿಂದ ವರ್ಷಕ್ಕೆ ರಾಜ್ಯದ ಹೆಗಲಿಗೆ ಜಾರುತ್ತಿದೆ, ಅಧಿಕಾರ ಮಾತ್ರ ದೆಹಲಿಯಲ್ಲೇ ಬಿಗಿಯಾಗುತ್ತಿದೆ. ಕೃಷಿ, ನೀರು, ಸಾರ್ವಜನಿಕ ಆರೋಗ್ಯ ಸಂವಿಧಾನದ 7ನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿವೆ. ಸಾರ್ವಜನಿಕ ಉದ್ದೇಶಕ್ಕೆ ಅನುದಾನ ಕೊಡಲು 282ನೇ ವಿಧಿ ಕೇಂದ್ರಕ್ಕೆ ಅವಕಾಶ ಕೊಟ್ಟಿದೆ. ಪ್ರತಿ ಹಳ್ಳಿಯ ಕೆಲಸವನ್ನೂ ಒಂದೇ ಅಚ್ಚಿಗೆ ಹಾಕಲು ಅಪ್ಪಣೆ ಕೊಟ್ಟಿಲ್ಲ. ಆದ್ದರಿಂದ ಈ ಹಕ್ಕೊತ್ತಾಯಗಳು.

ಭಾಗ ಅ: ಕೇಂದ್ರ ಹೊರಲೇಬೇಕಾದ ಹೊಣೆ

1. ಭದ್ರಾ ಮೇಲ್ದಂಡೆಯ 5,300 ಕೋಟಿ ರೂಪಾಯಿ ಬಿಡುಗಡೆ ಮಾಡಬೇಕು. 2023ರ ಫೆಬ್ರುವರಿ 1ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಸಂಸತ್ತಿನಲ್ಲಿ ಈ ಮೊತ್ತ ಘೋಷಿಸಿದರು. ಆ ಬಜೆಟ್ ವರ್ಷ ಮುಗಿಯಿತು, ಮರುವರ್ಷವೂ ಮುಗಿಯಿತು, ಹಣ ಬರಲಿಲ್ಲ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರ್‌ಗೆ ನೀರು ಕೊಡಬೇಕಾದ ಯೋಜನೆ ಇದು. ಜಗಳೂರಿನ ಕೆಂಪು ಮಣ್ಣು ಕಾದಿರುವುದು ಇದಕ್ಕೇ. ಸಂಸತ್ತಿನಲ್ಲಿ ಆಡಿದ ಮಾತು ಜನರಿಗೆ ಬರೆದುಕೊಟ್ಟ ಪತ್ರವಿದ್ದಂತೆ. ಇನ್ನು ಮೇಲೆ ಯಾವುದೇ ಯೋಜನೆ ಘೋಷಿಸುವಾಗ ಹಣ ಬಿಡುಗಡೆಯ ವೇಳಾಪಟ್ಟಿಯನ್ನೂ ಜೊತೆಗೇ ಪ್ರಕಟಿಸಬೇಕು.

2. ಬರ ಪರಿಹಾರಕ್ಕೆ ರಾಜ್ಯಗಳು ನ್ಯಾಯಾಲಯದ ಮೆಟ್ಟಿಲೇರುವ ಸ್ಥಿತಿ ಇನ್ನು ಬರಬಾರದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ರಾಜ್ಯ ಕೇಳಿದ್ದು 18,171 ಕೋಟಿ. ಕೇಂದ್ರದ ತಂಡ ಅಕ್ಟೋಬರ್‌ನಲ್ಲೇ ಬಂದು ಒಣಗಿದ ಬೆಳೆ ನೋಡಿ ಹೋಯಿತು. ಸುಪ್ರೀಂ ಕೋರ್ಟ್‌ಗೆ ಅರ್ಜಿ ಹಾಕಿದ ಮೇಲೆ, 2024ರ ಏಪ್ರಿಲ್ ಕೊನೆಗೆ 3,454 ಕೋಟಿ ಬಂತು. ಅಷ್ಟರಲ್ಲಿ ರೈತ ಕೈಸಾಲ ಮಾಡಿ ಮುಂದಿನ ಬಿತ್ತನೆಗೆ ಬೀಜ ಕೊಳ್ಳುವ ಹೊತ್ತಾಗಿತ್ತು. ತಂಡ ವರದಿ ಕೊಟ್ಟ ಒಂದು ತಿಂಗಳೊಳಗೆ ತೀರ್ಮಾನವಾಗಬೇಕು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರ್‌ಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ ಎಂಬ ಮಾನದಂಡವನ್ನು ಇಂದಿನ ಸಾಗುವಳಿ ಖರ್ಚಿಗೆ ತಕ್ಕಂತೆ ಏರಿಸಬೇಕು.

3. ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ಘೋಷಿಸಿದ ಮೇಲೆ ಖರೀದಿಯೂ ಆಗಬೇಕು. 2025-26ಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಎಂದು ಕೇಂದ್ರ ನಿಗದಿ ಮಾಡಿತು. ಕೊಯ್ಲಿನ ಹೊತ್ತಿಗೆ ಪೇಟೆಯ ದರ ಅದಕ್ಕಿಂತ ಬಹಳ ಕೆಳಗೆ ಕುಸಿಯಿತು. ರಸ್ತೆ ಬದಿಯಲ್ಲಿ ಕಾಳು ಹರಡಿ, ಮೋಡ ಕಂಡರೆ ತಾಡಪಾಲು ಎಳೆದು, ರಾತ್ರಿ ಅಲ್ಲೇ ಕಾವಲು ಮಲಗುವ ರೈತ ಎಷ್ಟು ದಿನ ಕಾದಾನು? ಸಿಕ್ಕ ದರಕ್ಕೆ ಮಾರಿ ಸಾಲ ತೀರಿಸುತ್ತಾನೆ. ಆಮದು, ರಫ್ತು, ಎಥೆನಾಲ್ ನೀತಿ ಎಲ್ಲವೂ ಕೇಂದ್ರದ ಕೈಯಲ್ಲಿವೆ. ಬೆಲೆ ಕುಸಿದಾಗ ಹೊಣೆಯೂ ಅದರದೇ ಆಗಬೇಕು. ಕೊಯ್ಲಿಗೆ ಮೊದಲೇ ಹೋಬಳಿಗೊಂದು ಖರೀದಿ ಕೇಂದ್ರ ತೆರೆಯಬೇಕು.

4. ಯೋಜನೆಗೆ ಹೆಸರು ಕೇಂದ್ರದ್ದಾದರೆ ಖರ್ಚಿನಲ್ಲೂ ತಕ್ಕ ಪಾಲು ಕೇಂದ್ರದ್ದಾಗಬೇಕು. ಬಿಸಿಯೂಟದ ಅಡುಗೆಯವರಿಗೆ 2009ರಲ್ಲಿ ನಿಗದಿಯಾದ ಗೌರವಧನ ತಿಂಗಳಿಗೆ 1,000 ರೂಪಾಯಿ. ಅದರಲ್ಲಿ ಕೇಂದ್ರದ ಪಾಲು 600. 80 ವರ್ಷ ತುಂಬದ ಹಿರಿಯರ ಪಿಂಚಣಿಗೆ ಕೇಂದ್ರ ಕೊಡುವುದು 2007ರಿಂದಲೂ 200 ರೂಪಾಯಿ. ಅಂಗನವಾಡಿ ಕಾರ್ಯಕರ್ತೆಗೆ 2018ರಲ್ಲಿ ನಿಗದಿಯಾದದ್ದು 4,500. ಉಳಿದದ್ದನ್ನು ರಾಜ್ಯ ತುಂಬುತ್ತಿದೆ. ನೂರಾರು ಮಕ್ಕಳಿಗೆ ಹೊಗೆಯಲ್ಲಿ ನಿಂತು ಬೇಯಿಸುವ ತಾಯಂದಿರ ದುಡಿಮೆಗೆ ಇದು ಅವಮಾನ. ಈ ಮೊತ್ತಗಳನ್ನು ಪರಿಷ್ಕರಿಸಿ, ಪ್ರತಿ ವರ್ಷ ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚಿಸಬೇಕು.

5. ಸೆಸ್ ಮತ್ತು ಸರ್‌ಚಾರ್ಜ್‌ಗೆ ಮಿತಿ ಹಾಕಬೇಕು. 270ನೇ ವಿಧಿಯಂತೆ ಇವು ರಾಜ್ಯಗಳಿಗೆ ಹಂಚುವ ತೆರಿಗೆಯೊಳಗೆ ಬರುವುದಿಲ್ಲ. ಅತ್ತ 15ನೇ ಹಣಕಾಸು ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ಪಾಲು ಕಡಿಮೆ ಮಾಡಿ, ಆಮೇಲೆ ಷರತ್ತಿನ ಯೋಜನೆಗಳಾಗಿ ಹಣ ಕೊಡುವುದು ಒಕ್ಕೂಟ ಧರ್ಮವಲ್ಲ.

ಭಾಗ ಆ: ಕೇಂದ್ರ ದಾಟಬಾರದ ಗೆರೆ

6. ಉದ್ಯೋಗ ಖಾತ್ರಿ ಜನರ ಹಕ್ಕಾಗಿಯೇ ಉಳಿಯಬೇಕು. 2005ರ ಕಾಯ್ದೆಯ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ತಂದಿತು. ಕೆಲಸದ ದಿನಗಳು 100ರಿಂದ 125ಕ್ಕೆ ಏರಿದ್ದನ್ನು ಸ್ವಾಗತಿಸುತ್ತೇವೆ. ಆದರೆ ಹಿಂದೆ ಕೂಲಿಯ ಪೂರ್ತಿ ಹಣ ಕೇಂದ್ರದ್ದಾಗಿತ್ತು. ಈಗ ಶೇ 40ರಷ್ಟು ರಾಜ್ಯದ ತಲೆಗೆ. ರಾಜ್ಯಕ್ಕೆ ವರ್ಷಕ್ಕೆ ಎಷ್ಟು ಎಂಬುದನ್ನು ಕೇಂದ್ರವೇ ಗೊತ್ತುಮಾಡುತ್ತದೆ, ಮೀರಿದ ಖರ್ಚು ರಾಜ್ಯವೇ ಭರಿಸಬೇಕು. ಹೀಗಾದರೆ ಕೆಲಸ ಕೇಳಿದವರಿಗೆಲ್ಲ ಕೆಲಸ ಎಂಬ ಮಾತಿಗೆ ಬಲವೆಲ್ಲಿ? ಕೂಲಿ ಹಣ ಪೂರ್ತಿ ಕೇಂದ್ರವೇ ಕೊಡಬೇಕು. ಬಿತ್ತನೆ, ಕೊಯ್ಲಿಗೆಂದು 60 ದಿನ ಕೆಲಸ ನಿಲ್ಲಿಸುವ ನಿಯಮ ಕೈಬಿಡಬೇಕು. ಎಂದು ಕೆಲಸ, ಯಾವ ಕೆರೆಯ ಹೂಳು ಎಂಬುದನ್ನು ಗ್ರಾಮಸಭೆ ತೀರ್ಮಾನಿಸಲಿ.

7. ಉದ್ಯೋಗ ಖಾತ್ರಿಯ ಹಾಜರಿ ಆ್ಯಪ್‌ನ ದೋಷಕ್ಕೆ ಕೂಲಿ ಕಡಿತವಾಗಬಾರದು. 2023ರ ಜನವರಿಯಿಂದ ದಿನಕ್ಕೆ ಎರಡು ಬಾರಿ ಫೋಟೊ ಹಾಜರಿ ಕಡ್ಡಾಯವಾಯಿತು. ಕೆರೆಯಂಗಳದಲ್ಲಿ ಗುಂಪು ನಿಲ್ಲಿಸಿ, ಮೊಬೈಲ್ ಎತ್ತಿ ಹಿಡಿದು ನೆಟ್‌ವರ್ಕ್ ಹುಡುಕುತ್ತಾ ಏರಿ ಹತ್ತುವ ಕಾಯಕ ಬಂಧುವನ್ನು (ಕೂಲಿ ಗುಂಪಿನ ಮೇಲ್ವಿಚಾರಕರನ್ನು) ಅಧಿಕಾರಿಗಳು ಒಮ್ಮೆ ಬಂದು ನೋಡಲಿ. ಎರಡನೇ ಫೋಟೊ ಹೋಗದಿದ್ದರೆ ಮಣ್ಣು ಹೊತ್ತ ದಿನವೂ ಲೆಕ್ಕಕ್ಕಿಲ್ಲ. ಕಾಗದದ ಹಾಜರಿಗೆ ಪಂಚಾಯಿತಿ ಸಹಿ ಇದ್ದರೆ ಅದು ಸಿಂಧುವಾಗಬೇಕು. ಆಧಾರ್ ಜೋಡಣೆಯ ತಪ್ಪು ತಿದ್ದುವ ಕೆಲಸ ಕಚೇರಿಯದು, ಕೂಲಿಕಾರರದಲ್ಲ.

8. ನಲ್ಲಿ ಹಾಕಿದ್ದನ್ನಲ್ಲ, ನೀರು ಬಂದದ್ದನ್ನು ಲೆಕ್ಕ ಹಿಡಿಯಬೇಕು. 2019ರ ಜಲಜೀವನ್ ಮಿಷನ್ ದಿನಕ್ಕೆ ತಲಾ 55 ಲೀಟರ್ ನೀರಿನ ಮಾತು ಕೊಟ್ಟಿತು. 2024ರ ಗಡುವು 2028ಕ್ಕೆ ಹೋಯಿತು. ನೀರಿನ ಮೂಲ ನೋಡದೆ ಪೈಪು ಹೂಳಿದರೆ ಅಗೆದ ಸಿಮೆಂಟ್ ರಸ್ತೆಯಷ್ಟೇ ಉಳಿಯುತ್ತದೆ. ಗ್ರಾಮಸಭೆ ನೀರು ಬಂತೆಂದು ಒಪ್ಪುವವರೆಗೆ ಗುತ್ತಿಗೆದಾರರ ಕೊನೆಯ ಬಿಲ್ ಪಾವತಿಸಬಾರದು.

9. ಬೆಳೆ ವಿಮೆಯ ಲೆಕ್ಕ ಬಯಲಿನಲ್ಲಿರಬೇಕು. 2020ರಿಂದ ಕೇಂದ್ರವು ಮಳೆಯಾಶ್ರಿತ ಪ್ರದೇಶದಲ್ಲಿ ಶೇ 30, ನೀರಾವರಿ ಪ್ರದೇಶದಲ್ಲಿ ಶೇ 25ರ ಪ್ರೀಮಿಯಂ ದರದವರೆಗೆ ಮಾತ್ರ ತನ್ನ ಪಾಲು ಕೊಡುತ್ತಿದೆ. ಈ ಮಿತಿ ತೆಗೆಯಬೇಕು. ಅಡಿಕೆಯ ಹವಾಮಾನ ಆಧಾರಿತ ವಿಮೆಗೆ ಬಳಸುವ ಮಳೆಮಾಪಕದ ಅಂಕಿಯನ್ನು, ಬೆಳೆ ಕಟಾವು ಪ್ರಯೋಗದ ಇಳುವರಿಯನ್ನು ಪಂಚಾಯಿತಿ ಸೂಚನಾ ಫಲಕದಲ್ಲಿ ಹಾಕಬೇಕು. ಗುತ್ತಿಗೆಗೆ, ಕೋರಿಗೆ ಉಳುವವರಿಗೂ ವಿಮೆ ಸಲ್ಲಬೇಕು.

10. ಅರ್ಜಿ, ಆ್ಯಪ್, ಸಂದೇಶ, ಮಾರ್ಗಸೂಚಿ ಎಲ್ಲವೂ ಕನ್ನಡದಲ್ಲಿರಬೇಕು. 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದವರು ಇದೇ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. ಅವರ ನೆಲದ ರೈತನಿಗೆ ತನ್ನ ಹಣ ಏಕೆ ನಿಂತಿತೆಂಬ ಸಂದೇಶ ಅರಿಯದ ಭಾಷೆಯಲ್ಲಿ ಬರಬಾರದು.

ಭಾಗ ಇ: ರಾಜ್ಯ ಸರ್ಕಾರಕ್ಕೆ

11. ದೆಹಲಿಯಿಂದ ಕೇಳುವ ಅಧಿಕಾರವನ್ನು ಬೆಂಗಳೂರು ತನ್ನಲ್ಲೇ ಇಟ್ಟುಕೊಳ್ಳಬಾರದು. 1987ರಲ್ಲೇ ಆಗಿನ ಸಚಿವ ಅಬ್ದುಲ್ ನಜೀರ್ ಸಾಬರ ಶ್ರಮದಿಂದ ಜಿಲ್ಲಾ ಪರಿಷತ್ತುಗಳನ್ನು ಕಂಡ ರಾಜ್ಯ ನಮ್ಮದು. ಅದೇ ರಾಜ್ಯ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳನ್ನು ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳ ಕೈಗೆ ಬಿಟ್ಟಿತು. ಚುನಾವಣೆ ಇನ್ನೆಂದೂ ಹೀಗೆ ಮುಂದೂಡಬಾರದು. ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳನ್ನು ಹಣ, ಸಿಬ್ಬಂದಿ ಸಮೇತ ಪಂಚಾಯಿತಿಗಳಿಗೆ ವಹಿಸಬೇಕು. ಕೇಂದ್ರದ ಹಣ ಬಂದಾಗ ರಾಜ್ಯದ ಪಾಲೂ ತಡವಿಲ್ಲದೆ ಸೇರಬೇಕು.

ದೇಶಕ್ಕೆಲ್ಲ ಒಂದೇ ಹಕ್ಕು ಇರಲಿ. ಅದನ್ನು ಈಡೇರಿಸುವ ದಾರಿ ಆಯಾ ಊರಿನದಿರಲಿ. ಹಣಕ್ಕೆ ಲೆಕ್ಕ ಕೇಳುವ ಹಕ್ಕು ಕೇಂದ್ರಕ್ಕಿದೆ, ಕೊಡುವ ಬಾಧ್ಯತೆ ನಮಗಿದೆ. ಈ ಪತ್ರದ ಒಂದೊಂದು ಹಕ್ಕೊತ್ತಾಯಕ್ಕೂ ಲಿಖಿತ ಉತ್ತರ ಕೊಡಬೇಕೆಂದು ಆಗ್ರಹಿಸುತ್ತೇವೆ. ನಾಲ್ಕೂ ತಾಲ್ಲೂಕುಗಳ ಜನರಲ್ಲಿ ನಮ್ಮ ಕೋರಿಕೆ ಇಷ್ಟೇ: ಮುಂದಿನ ಗ್ರಾಮಸಭೆಗೆ ತಪ್ಪದೆ ಬನ್ನಿ, ಈ ಪತ್ರವನ್ನು ಅಲ್ಲಿ ಓದಿಸಿ, ನಡಾವಳಿ ಪುಸ್ತಕದಲ್ಲಿ ನಿರ್ಣಯವಾಗಿ ಬರೆಸಿ.

ಇಂತಿ,
ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳ ರೈತರು, ಕೂಲಿಕಾರರು, ಬಿಸಿಯೂಟ ಮತ್ತು ಅಂಗನವಾಡಿ ನೌಕರರು